ಬಿಸಿಯಾದ ಮೇಲೆ ನಿಲ್ಲುವ ಜಾವಾ: ಪಾಯಿಂಟ್ ಉಳಿಸಿಕೊಳ್ಳುವುದೋ, ಸಿಡಿಐ ಹಾಕಿಸುವುದೋ?

ಪ್ರಶ್ನೆ: ನಮ್ಮ ತಂದೆಯವರು 1970ರಲ್ಲಿ ಕೊಂಡ ಜಾವಾ 250 ಈಗ ನನ್ನ ಬಳಿ ಇದೆ. ಬೆಳಿಗ್ಗೆ ಒಂದೆರಡು ಕಿಕ್ಕಿಗೇ ಸ್ಟಾರ್ಟ್ ಆಗುತ್ತದೆ. ನಾಪೋಕ್ಲಿನಿಂದ ಹೊರಟು ಮೂರ್ನಾಡು ದಾಟಿ ಮೇಕೇರಿಯ ಕಡೆಗೆ ಏರು ಹತ್ತುವಾಗ ಮಿಸ್ಸಿಂಗ್ ಶುರುವಾಗಿ ನಿಂತುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ಒದ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತದೆ. ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್) ಎರಡು ಸಲ, ಕಂಡೆನ್ಸರ್ ಒಂದು ಸಲ ಹೊಸದು ಹಾಕಿಸಿದ್ದಾಯಿತು. ಕಾಯಿಲನ್ನು ಎರಡು ವರ್ಷದ ಹಿಂದೆಯೇ ಬದಲಾಯಿಸಿದ್ದೇನೆ. ಪ್ಲಗ್ ತೆಗೆದು ನೋಡಿದರೆ ನೀಲಿ ಸ್ಪಾರ್ಕ್ ಬರುತ್ತದೆ. ಕಕ್ಕಡದ (ಜುಲೈ-ಆಗಸ್ಟಿನ) ಮಳೆಯಲ್ಲಂತೂ ಬೆಳಗಿನ ಹೊತ್ತೂ ಸ್ಟಾರ್ಟ್ ಆಗುವುದಿಲ್ಲ. ಮೆಕ್ಯಾನಿಕ್ ಒಬ್ಬರು ಡೈನಮೋ, ಪಾಯಿಂಟ್ ಎಲ್ಲ ಕಿತ್ತುಹಾಕಿ 12 ವೋಲ್ಟಿನ ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಷನ್) ಕೂರಿಸೋಣ, ಪಿಕಪ್ಪೂ ಹೆಚ್ಚುತ್ತದೆ ಎನ್ನುತ್ತಾರೆ. ಹಿರಿಯ ನೆಂಟರೊಬ್ಬರು ಹಾಗೆ ಮಾಡಿದರೆ ಗಾಡಿಯ ಬೆಲೆಯೇ ಹೋಯಿತು ಎನ್ನುತ್ತಾರೆ. ಗಾಡಿಯನ್ನು ವಾರಕ್ಕೊಮ್ಮೆ ಮಡಿಕೇರಿಗೆ, ಅಪರೂಪಕ್ಕೆ ಮೈಸೂರಿಗೆ ಓಡಿಸುವ ಆಸೆ ನನ್ನದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಗಾಡಿ ಏಕೆ ನಿಲ್ಲುತ್ತಿದೆ ಎಂಬುದು ಒಂದು, ಸಿಡಿಐ ಹಾಕಿಸಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವ ಮುಂಚೆಯೇ ಎರಡನೆಯದಕ್ಕೆ ದುಡ್ಡು ಸುರಿದು, ಹೊಸ ಕಿಟ್ ಕೂರಿಸಿದ ಮೇಲೂ ಅದೇ ಏರಿನಲ್ಲಿ ನಿಂತು, ಕಿಟ್ಟನ್ನು ಬೈದುಕೊಳ್ಳುತ್ತ ಗಾಡಿ ತಳ್ಳಿಕೊಂಡು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ಅಂಥ ಗಾಡಿಗಳಲ್ಲಿ ದೋಷವು ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲೋ ಕ್ರ್ಯಾಂಕಿನ ಆಯಿಲ್ ಸೀಲಿನಲ್ಲೋ ಇರುವುದು ಅಪರೂಪವೇನಲ್ಲ. ಆದ್ದರಿಂದ ಮೊದಲು ಕಾರಣವನ್ನು ಹುಡುಕೋಣ.

ಈ ಗಾಡಿಯಲ್ಲಿ ಕಿಡಿ ಹುಟ್ಟುವ ಬಗೆ ಸರಳವಾದದ್ದು. ಪಾಯಿಂಟ್ ಮುಚ್ಚಿರುವಷ್ಟು ಹೊತ್ತು ಬ್ಯಾಟರಿಯ ಕರೆಂಟ್ ಕಾಯಿಲಿನ ಮೊದಲ ತಂತಿಸುತ್ತಿನಲ್ಲಿ (ಪ್ರೈಮರಿ) ಹರಿದು ಕಾಂತಶಕ್ತಿಯಾಗಿ ಕೂಡಿಕೊಳ್ಳುತ್ತದೆ. ಕ್ಯಾಮ್ ಪಾಯಿಂಟನ್ನು ತೆರೆದ ಕ್ಷಣ ಆ ಕರೆಂಟ್ ಕಡಿದು, ಎರಡನೆಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಏರಿ, ಪ್ಲಗ್ಗಿನ ತುದಿಯಲ್ಲಿ ಹಾರುತ್ತದೆ. ಕರೆಂಟ್ ಎಷ್ಟು ಚುರುಕಾಗಿ ಕಡಿಯುತ್ತದೋ ಕಿಡಿ ಅಷ್ಟು ಬಲವಾಗಿರುತ್ತದೆ, ಮತ್ತು ಆ ಚುರುಕು ಕಂಡೆನ್ಸರ್ ಕೊಡುವುದು. ನಿಮ್ಮದು ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಒಂದು ಕಿಡಿ ಬೇಕು. ನಿಮಿಷಕ್ಕೆ 4500 ಸುತ್ತಿನ ವೇಗದಲ್ಲಿ ಪಾಯಿಂಟ್ ಸೆಕೆಂಡಿಗೆ 75 ಸಲ ತೆರೆದು ಮುಚ್ಚುತ್ತದೆ. ಇಷ್ಟು ಕೆಲಸವನ್ನು 6 ವೋಲ್ಟಿನ ಬ್ಯಾಟರಿಯಿಂದ ಮಾಡಿಸುವುದರಿಂದ ಎಲ್ಲಿಯಾದರೂ ಅರ್ಧ ವೋಲ್ಟ್ ಸೋರಿದರೂ ಅದು ಸಣ್ಣ ನಷ್ಟವಲ್ಲ.

ಈಗ ನಿಮ್ಮ ನೀಲಿ ಸ್ಪಾರ್ಕಿನ ವಿಷಯ. ಪ್ಲಗ್ ತೆಗೆದು ಹೆಡ್ಡಿಗೆ ತಾಗಿಸಿ ಒದ್ದಾಗ ಕಿಡಿ ಕಂಡರೆ ಇಗ್ನಿಷನ್ ಸರಿಯಾಗಿದೆ ಎಂಬ ನಂಬಿಕೆ ಊರೆಲ್ಲ ಇದೆ, ಅದು ಅರ್ಧ ಮಾತ್ರ ನಿಜ. ಹೊರಗಿನ ಗಾಳಿಯಲ್ಲಿ ಅರ್ಧ ಮಿಲಿಮೀಟರ್ ಅಂತರವನ್ನು ಹಾರುವುದಕ್ಕೆ ಎರಡು ಮೂರು ಸಾವಿರ ವೋಲ್ಟ್ ಸಾಕು. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯಲ್ಲಿ ಅದೇ ಅಂತರಕ್ಕೆ ಅದರ ಹಲವು ಪಟ್ಟು ವೋಲ್ಟ್ ಬೇಕಾಗುತ್ತದೆ, ಮತ್ತು ಆಕ್ಸಿಲರೇಟರ್ ಹೆಚ್ಚು ತಿರುಗಿಸಿದಷ್ಟೂ ಒಳಗಿನ ಒತ್ತಡ ಹೆಚ್ಚುತ್ತ ಹೋಗುತ್ತದೆ. ಮೂರ್ನಾಡಿನವರೆಗೆ ಅರ್ಧ ಆಕ್ಸಿಲರೇಟರಿನಲ್ಲಿ ಸಲೀಸಾಗಿ ಬಂದ ಗಾಡಿ ಏರಿನಲ್ಲೇ ಮಿಸ್ ಆಗುವುದಕ್ಕೆ ಇದೇ ಕಾರಣವಿರಬಹುದು: ಕಿಡಿ ಸತ್ತಿಲ್ಲ, ಸೊರಗಿದೆ. ಸರಿಯಾದ ಪರೀಕ್ಷೆ ಬೇಕೆಂದರೆ ಹಳೆಯ ಪ್ಲಗ್ಗೊಂದರ ಪಕ್ಕದ ಕೊಕ್ಕೆಯನ್ನು ಪೂರ್ತಿ ಕತ್ತರಿಸಿ, ನಡುವಿನ ತುದಿಯಿಂದ ಸುತ್ತಲಿನ ಅಂಚಿಗೆ ಕಿಡಿ ಹಾರುತ್ತದೆಯೇ ಎಂದು ನೋಡಬೇಕು. ಪರೀಕ್ಷಿಸುವಾಗ ಆ ಪ್ಲಗ್ಗನ್ನು ಹೆಡ್ಡಿನ ತೂತಿನಿಂದ ಆದಷ್ಟು ದೂರದಲ್ಲಿ, ಬರಿಯ ಲೋಹಕ್ಕೆ ಭದ್ರವಾಗಿ ತಾಗಿಸಿ ಇಡಿ. ತೂತಿನಿಂದ ಹೊರಬರುವ ಪೆಟ್ರೋಲ್ ಆವಿಗೆ ಅದೇ ಕಿಡಿ ಬೆಂಕಿ ಹಚ್ಚಬಲ್ಲದು.

ನಿಮ್ಮ ಪತ್ರ ಓದುವಾಗ ನನಗೆ ಮೊದಲು ಅನುಮಾನ ಬಂದದ್ದು ಕಾಯಿಲಿನ ಮೇಲೆ, ಹೊಸದು ಎಂಬ ಕಾರಣಕ್ಕೇ. 6 ವೋಲ್ಟಿನ ಕಾಯಿಲ್ ಈಗ ಎಲ್ಲ ಅಂಗಡಿಗಳಲ್ಲೂ ಸಿಗುವುದಿಲ್ಲ. ಕೇಳಿದರೆ ನೋಡಲು ಹಾಗೆಯೇ ಇರುವ 12 ವೋಲ್ಟಿನದನ್ನು ಕೊಟ್ಟು ಇದೇ ಆಗುತ್ತದೆ ಎಂದು ಕಳಿಸುವುದುಂಟು. ಅದರಿಂದ ಗಾಡಿ ಸ್ಟಾರ್ಟೂ ಆಗುತ್ತದೆ, ಸಮತಟ್ಟಿನಲ್ಲಿ ಓಡುತ್ತದೆ ಕೂಡ. ಆದರೆ 6 ವೋಲ್ಟಿನ ಕಾಯಿಲಿನ ಮೊದಲ ಸುತ್ತಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಒಂದರಿಂದ ಎರಡು ಓಮ್ ಇದ್ದರೆ, ಪಾಯಿಂಟ್ ಜೊತೆ ಬಳಸುವ 12 ವೋಲ್ಟಿನದರಲ್ಲಿ ಅದು ಮೂರರಿಂದ ನಾಲ್ಕೂವರೆ ಓಮ್ ಇರುತ್ತದೆ. ಒಂದೂವರೆ ಓಮಿನಲ್ಲಿ 4 ಆಂಪಿಯರ್ ಹರಿಯಬೇಕಾದ ಕಡೆ ನಾಲ್ಕು ಓಮಿನಲ್ಲಿ ಒಂದೂವರೆ ಆಂಪಿಯರ್ ಮಾತ್ರ ಹರಿಯುತ್ತದೆ. ಅದರ ಕಿಡಿ ಏರಿನಲ್ಲಿ ಕೈಕೊಡುವುದು ಸಹಜ. ವೈರ್ ಬಿಚ್ಚಿ ಮಲ್ಟಿಮೀಟರಿನಿಂದ ಅಳೆದರೆ ಐದು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಅಳತೆ ಸರಿಯಾಗಿದ್ದರೂ ಕಾಯಿಲನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಒಳಗೊಳಗೇ ಶಾರ್ಟ್ ಆಗುವ ಕಾಯಿಲುಗಳೂ ಇವೆ. ಗೆಳೆಯರ ಗಾಡಿಯ ಒಳ್ಳೆಯ 6 ವೋಲ್ಟ್ ಕಾಯಿಲನ್ನು ತಾತ್ಕಾಲಿಕವಾಗಿ ಕಟ್ಟಿಕೊಂಡು ಅದೇ ಏರನ್ನು ಹತ್ತಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಇದಕ್ಕಿಲ್ಲ. ಇನ್ನೊಂದು ಅಭ್ಯಾಸ: ಚಹಾ ಕುಡಿಯಲು ನಿಲ್ಲಿಸಿದಾಗ ಕೀಲಿಯನ್ನು ಆನ್ ಸ್ಥಿತಿಯಲ್ಲೇ ಬಿಡಬೇಡಿ. ಆಗ ಪಾಯಿಂಟ್ ಮುಚ್ಚಿದ್ದರೆ ಅಷ್ಟೂ ಹೊತ್ತು ಕಾಯಿಲ್ ಬೇಯುತ್ತಿರುತ್ತದೆ.

ಕಂಡೆನ್ಸರ್ ಹೊಸದು ಎಂದಿದ್ದೀರಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಇವತ್ತು ಕಂಪನಿಯದು ಎಂದು ಮಾರುವ ಕಂಡೆನ್ಸರ್ ಒಂದೋ ಅಂಗಡಿಯ ಕಪಾಟಿನಲ್ಲಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಕೂತದ್ದು, ಇಲ್ಲವೇ ಬೇರೆ ಯಾರೋ ಮಾಡಿದ್ದು. ಬಿಸಿಯಾದಾಗ ಕೈಕೊಟ್ಟು ಆರಿದಾಗ ಸರಿಯಾಗುವುದು ಕೆಟ್ಟ ಕಂಡೆನ್ಸರಿನ ಸ್ವಭಾವವೇ, ಮತ್ತು ಈ ಗಾಡಿಯಲ್ಲಿ ಅದು ಕೂತಿರುವ ಜಾಗವೂ ಕ್ರ್ಯಾಂಕಿನ ಪಕ್ಕ, ಡೈನಮೋದ ಮುಚ್ಚಳದೊಳಗೆ. ಗುರುತು ಪಾಯಿಂಟಿನ ಮುಖದಲ್ಲಿ ಸಿಗುತ್ತದೆ. ಬಲಗಡೆಯ ಕವರ್ ತೆಗೆದು, ಕೀಲಿ ಆಫ್ ಮಾಡಿ, ಪಾಯಿಂಟನ್ನು ತೆರೆದು ಟಾರ್ಚ್ ಹಿಡಿದು ನೋಡಿ. ಎರಡೂ ಮುಖ ಮಾಸಲು ಬೂದು ಬಣ್ಣವಿದ್ದರೆ ಸಮಾಧಾನ. ಒಂದು ಮುಖದಲ್ಲಿ ಸೂಜಿ ಮೊನೆಯಂಥ ಗುಬುಟು, ಎದುರಿನದರಲ್ಲಿ ಅದಕ್ಕೆ ಸರಿಯಾದ ಕುಳಿ, ಸುತ್ತ ನೀಲಿಗಪ್ಪು ಸುಟ್ಟ ಕಲೆ ಇದ್ದರೆ ಕಂಡೆನ್ಸರ್ ತನ್ನ ಕೆಲಸ ಮಾಡುತ್ತಿಲ್ಲ. ಪಾಯಿಂಟ್ ಎರಡು ಸಲ ಹೋಗಿದೆ ಎಂಬ ನಿಮ್ಮ ಮಾತೂ ಅದನ್ನೇ ಸೂಚಿಸುತ್ತದೆ, ಏಕೆಂದರೆ ಪಾಯಿಂಟ್ ತನ್ನಷ್ಟಕ್ಕೆ ಅಷ್ಟು ಬೇಗ ಸುಡುವ ವಸ್ತುವಲ್ಲ. ಇದಕ್ಕೆ ನಾನು ಮಾಡುವ ಉಪಾಯ ಅಗ್ಗದ್ದು: ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ 0.22 ಮೈಕ್ರೊಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪ್ಯಾಸಿಟರನ್ನು ತಂದು, ಪಾಯಿಂಟಿನ ವೈರ್ ಕಾಯಿಲಿಗೆ ಸೇರುವ ಕಡೆ ಒಂದು ಕಾಲು, ಕಾಯಿಲಿನ ಬೋಲ್ಟಿನ ಕಡೆ ಅರ್ಥಿಗೆ ಇನ್ನೊಂದು ಕಾಲು ಕೊಟ್ಟು, ರಬ್ಬರ್ ತೋಳು ಹಾಕಿ ಕಟ್ಟುವುದು. ಹಳೆಯ ಕಂಡೆನ್ಸರನ್ನು ಅದರ ಜಾಗದಲ್ಲೇ ಬಿಟ್ಟು ವೈರ್ ಮಾತ್ರ ತಪ್ಪಿಸಿದರೆ ಹೊರಗಿನಿಂದ ಯಾರಿಗೂ ಗೊತ್ತಾಗುವುದಿಲ್ಲ, ಎಂಜಿನ್ನಿನ ಬಿಸಿಯೂ ತಟ್ಟುವುದಿಲ್ಲ.

ಬಿಸಿಯಿಂದಲ್ಲದೆ ಬಿಸಿಯ ವೇಷ ಹಾಕಿಕೊಂಡು ಬರುವ ದೋಷಗಳು ಎರಡಿವೆ. ಡೈನಮೋ ಚಾರ್ಜ್ ಮಾಡದಿದ್ದರೆ ಗಾಡಿ ಬ್ಯಾಟರಿಯಲ್ಲಿದ್ದಷ್ಟು ಕರೆಂಟಿನಲ್ಲೇ ಓಡಿ, ಅದು ಕುಸಿದಾಗ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಬ್ಯಾಟರಿ ಸ್ವಲ್ಪ ಚೇತರಿಸಿಕೊಂಡು ಮತ್ತೆ ಸ್ಟಾರ್ಟ್ ಆಗುತ್ತದೆ. ಲೈಟ್ ಹಾಕಿ ಓಡಿಸಿದ ದಿನ ಬೇಗ ನಿಲ್ಲುತ್ತದೆಯೇ ಎಂದು ಗಮನಿಸಿ. ಪೂರ್ತಿ ಚಾರ್ಜ್ ಆದ 6 ವೋಲ್ಟ್ ಬ್ಯಾಟರಿ ಸುಮ್ಮನಿದ್ದಾಗ 6.3 ವೋಲ್ಟಿನ ಆಸುಪಾಸು ತೋರಿಸಬೇಕು, ಎಂಜಿನ್ನನ್ನು ಸ್ವಲ್ಪ ರೇಸ್ ಮಾಡಿದಾಗ 7 ವೋಲ್ಟ್ ಮುಟ್ಟಬೇಕು. ಮುಟ್ಟದಿದ್ದರೆ ಸವೆದ ಕಾರ್ಬನ್ ಬ್ರಷ್, ಮಸಿ ಹಿಡಿದ ಆರ್ಮೇಚರ್ (ಡೈನಮೋದ ತಿರುಗುವ ಭಾಗ), ಅಂಟಿಕೊಂಡ ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸುವ, ಬಿಡಿಸುವ ಸ್ವಿಚ್), ಇವುಗಳ ಕಡೆ ನೋಡಬೇಕು. ಎರಡನೆಯದು ಟ್ಯಾಂಕಿನ ಮುಚ್ಚಳ. ಅದರ ಗಾಳಿಯ ತೂತು ಮುಚ್ಚಿಹೋದರೆ ಹತ್ತು ಹನ್ನೆರಡು ಕಿಲೋಮೀಟರ್ ಆಗುವಷ್ಟರಲ್ಲಿ ಟ್ಯಾಂಕಿನೊಳಗೆ ಗಾಳಿ ಸಾಲದೆ ಪೆಟ್ರೋಲ್ ಇಳಿಯುವುದು ನಿಂತು, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಯಾಗುತ್ತದೆ.

ಆದ್ದರಿಂದ ಮುಂದಿನ ಸಲ ಗಾಡಿ ನಿಂತಾಗ ಅರ್ಧ ಗಂಟೆ ಕಾಯಬೇಡಿ. ಆ ಅರ್ಧ ಗಂಟೆಯಲ್ಲೇ ಸಾಕ್ಷ್ಯವೆಲ್ಲ ಅಳಿಸಿಹೋಗುತ್ತದೆ. ಪ್ಲಗ್ ಸ್ಪ್ಯಾನರ್, ಕೊಕ್ಕೆ ಕತ್ತರಿಸಿದ ಆ ಹಳೆಯ ಪ್ಲಗ್, ಒಂದು ಮಲ್ಟಿಮೀಟರ್ ಜೊತೆಗಿರಲಿ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ, ಗಾಳಿ ಎಳೆದುಕೊಳ್ಳುವ ಸದ್ದು ಬರುತ್ತದೆಯೇ ಕೇಳಿ. ಮುಚ್ಚಳವನ್ನು ಮತ್ತೆ ಹಾಕಿದ ಮೇಲೆ ಪ್ಲಗ್ ಬಿಚ್ಚಿ ನೋಡಿ: ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ದೋಷ, ಒಣಗಿದ್ದರೆ ಪೆಟ್ರೋಲಿನದು, ಎಣ್ಣೆ ಮೆತ್ತಿದ್ದರೆ ಅದೇ ಬೇರೆ ಕಥೆ. ಪರೀಕ್ಷೆಯ ಪ್ಲಗ್ಗಿನಲ್ಲಿ ಕಿಡಿ ನೋಡಿ, ಕೊನೆಗೆ ಬ್ಯಾಟರಿಯ ವೋಲ್ಟನ್ನೂ, ಕೀಲಿ ಆನ್ ಇದ್ದು ಪಾಯಿಂಟ್ ಮುಚ್ಚಿರುವಾಗ ಕಾಯಿಲಿಗೆ ಬರುವ ವೋಲ್ಟನ್ನೂ ಅಳೆದು ಬರೆದುಕೊಳ್ಳಿ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೀಲಿಯ ಸ್ವಿಚ್, ಫ್ಯೂಸ್ ಅಥವಾ ಯಾವುದೋ ಜೋಡಣೆ ಕರೆಂಟನ್ನು ತಿನ್ನುತ್ತಿದೆ. ಗಾಡಿಗೆ ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ್ದೀರಾ ಎಂಬುದನ್ನು ನೀವು ಬರೆದಿಲ್ಲ. ಮಾಡಿಸಿದ್ದರೆ ಅರ್ಥ್ ಕೊಡುವ ಜಾಗಗಳಲ್ಲಿ ಆ ಲೇಪವನ್ನು ಕೆರೆದು ಬರಿಯ ಕಬ್ಬಿಣ ಕಾಣಿಸಲೇಬೇಕು.

ಎಣ್ಣೆ ಮೆತ್ತಿದ ಪ್ಲಗ್ ಎಂದೆ. ಸಂಪಾಜೆಯಂಥ ಉದ್ದನೆಯ ಇಳಿಜಾರಿನಲ್ಲಿ ಗೇರಿನಲ್ಲೇ, ಆಕ್ಸಿಲರೇಟರ್ ಮುಚ್ಚಿ ಇಳಿದ ಟೂ ಸ್ಟ್ರೋಕ್ ಗಾಡಿಗಳಲ್ಲಿ ಒಳಗೆ ಎಣ್ಣೆ ಕೂಡಿಕೊಂಡು, ಕೆಳಗೆ ಬಂದು ಆಕ್ಸಿಲರೇಟರ್ ಕೊಟ್ಟಾಗ ಮಿಸ್ ಆಗುವುದು ಮಾಮೂಲು. ಇಳಿಯುವಾಗ ಆಗಾಗ ಸ್ವಲ್ಪ ರೇಸ್ ಕೊಡುತ್ತಿದ್ದರೆ ಸಾಕು. ಆದರೆ ಪಾಯಿಂಟಿನ ಕೋಣೆಯೊಳಗೇ ಎಣ್ಣೆಯ ಪಸೆ ಕಂಡರೆ ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಸೋತಿದೆ ಎಂದು ತಿಳಿಯಬೇಕು. ಆ ಸೀಲ್ ಸೋತರೆ ಪಾಯಿಂಟ್ ಮಾತ್ರ ಹಾಳಾಗುವುದಿಲ್ಲ. ಆ ದಾರಿಯಿಂದ ಹೊರಗಿನ ಗಾಳಿ ಎಂಜಿನ್ನಿನೊಳಗೆ ಸೇರಿ ಪೆಟ್ರೋಲ್ ಮಿಶ್ರಣ ತೆಳುವಾಗಿ, ಏರಿನಲ್ಲಿ ಪಿಸ್ಟನ್ ಕಚ್ಚಿಕೊಳ್ಳುವ ಅಪಾಯವೂ ಇದೆ. ಇದನ್ನು ಯಾವ ಸಿಡಿಐ ಕೂಡ ಸರಿಮಾಡಲಾರದು. ಹಾಗೆಯೇ ಆರ್ಮೇಚರಿನ ತುದಿಯನ್ನು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿ ನೋಡಿ. ಆಟ ಕೈಗೆ ತಿಳಿಯುವಷ್ಟಿದ್ದರೆ ಬೇರಿಂಗ್ ಸವೆದಿದೆ, ಪಾಯಿಂಟಿನ ಅಂತರ ಸುತ್ತಿನಿಂದ ಸುತ್ತಿಗೆ ಬದಲಾಗುತ್ತಿದೆ ಎಂದರ್ಥ.

ಪಾಯಿಂಟಿನ ಅಂತರ 0.4 ಮಿ.ಮೀ. ಎಂದು ಫೀಲರ್ ಗೇಜಿನಿಂದ (ಅಂತರ ಅಳೆಯುವ ತೆಳು ತಗಡು) ಮೊದಲು ಕೂರಿಸಿ, ಆಮೇಲೆ ಟೈಮಿಂಗ್ ನೋಡಬೇಕು. ಈ ಕ್ರಮ ತಲೆಕೆಳಗಾದರೆ ಎರಡೂ ಕೆಡುತ್ತವೆ, ಏಕೆಂದರೆ ಅಂತರ ಕಡಿಮೆಯಾದಂತೆ ಪಾಯಿಂಟ್ ತಡವಾಗಿ ತೆರೆದು ಟೈಮಿಂಗ್ ಹಿಂದೆ ಬೀಳುತ್ತದೆ. ನಿಮ್ಮ ಗಾಡಿಯಲ್ಲಿ ವೇಗಕ್ಕೆ ತಕ್ಕಂತೆ ಟೈಮಿಂಗ್ ತಾನಾಗಿ ಮುಂದೊತ್ತುವ ವ್ಯವಸ್ಥೆ ಇಲ್ಲ, ಕೂರಿಸಿದ್ದೇ ಕಾಯಂ. ಪಿಸ್ಟನ್ ಮೇಲಿನ ತುದಿ ಮುಟ್ಟುವುದಕ್ಕೆ ಮೂರು ಮಿ.ಮೀ. ಆಸುಪಾಸು ಇರುವಾಗ ಪಾಯಿಂಟ್ ತೆರೆಯಬೇಕು. ನಿಖರವಾದ ಅಂಕಿಗೆ ನಿಮ್ಮ ಮಾದರಿಯ ಕೈಪಿಡಿಯನ್ನೇ ಅನುಸರಿಸಿ, ಅಳೆಯುವುದಕ್ಕೆ ಕಡ್ಡಿಯ ಬದಲು ಡಯಲ್ ಗೇಜ್ ಬಳಸುವವರ ಕೈಗೆ ಕೊಡಿ. ಪಾಯಿಂಟ್ ಉಜ್ಜುವುದಕ್ಕೆ ಎಮರಿ ಕಾಗದ ಬೇಡ, ಅದರ ಕಣಗಳು ಮುಖದಲ್ಲಿ ಸಿಕ್ಕಿಕೊಳ್ಳುತ್ತವೆ.

ಕಕ್ಕಡದ ತೊಂದರೆಯನ್ನು ನಾನು ಬೇರೆಯಾಗಿಯೇ ನೋಡುತ್ತೇನೆ. ಮಳೆಗಾಲದಲ್ಲಿ ಕೊಡಗಿನ ಗಾಳಿಯೇ ಒದ್ದೆ. ಶೆಡ್ಡಿನೊಳಗೆ ನಿಂತ ಗಾಡಿಯ ಪ್ಲಗ್ ಕ್ಯಾಪಿನ ಒಳಗೆ, ಹೈ ಟೆನ್ಷನ್ ವೈರಿನ ಮೇಲೆ, ಪಾಯಿಂಟಿನ ಮುಖದಲ್ಲಿ ತೇವ ಕೂರುತ್ತದೆ. ಬಿರುಕು ಬಿಟ್ಟ ವೈರಿನ ಮೇಲಿನ ತೇವದಲ್ಲಿ ಕರೆಂಟ್ ಪ್ಲಗ್ಗಿಗೆ ಹೋಗದೆ ಮೈಮೇಲೆಯೇ ಹರಿದು ಅರ್ಥ್ ಆಗುತ್ತದೆ. ರಾತ್ರಿ ಕತ್ತಲಲ್ಲಿ ಒಬ್ಬರು ಒದೆಯುತ್ತಿರುವಾಗ ಇನ್ನೊಬ್ಬರು ನೋಡಿದರೆ ವೈರಿನ ಉದ್ದಕ್ಕೂ ನೀಲಿ ಮಿಣುಕು ಕಾಣುತ್ತದೆ. ಹೊಸ ತಾಮ್ರದ ಎಳೆಯ ವೈರ್, ರಬ್ಬರ್ ತುಟಿ ಇರುವ ಹೊಸ ಕ್ಯಾಪ್, ಎರಡೂ ತುದಿಗೆ ಸ್ವಲ್ಪ ಸಿಲಿಕೋನ್ ಗ್ರೀಸ್, ಬಲಗಡೆಯ ಕವರಿಗೆ ಹೊಸ ಪ್ಯಾಕಿಂಗ್, ಇಷ್ಟರಿಂದ ಮಳೆಗಾಲದ ತಕರಾರು ಬಹುಪಾಲು ಮುಗಿಯುತ್ತದೆ. ಗಾಡಿಗೆ ಗೋಣಿಚೀಲ ಹೊದಿಸಬೇಡಿ, ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ನೆಲದವರೆಗೆ ಪ್ಲಾಸ್ಟಿಕ್ ಹೊದಿಸಿದರೂ ಒಳಗೇ ಬೆವರುತ್ತದೆ. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಮಳೆಯ ನಾಲ್ಕು ತಿಂಗಳು ಹಾಗೇ ಬಿಟ್ಟ ಬ್ಯಾಟರಿ ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ನಿಲ್ಲುವುದಿಲ್ಲ.

ಇನ್ನು ಸಿಡಿಐ. ಪಿಕಪ್ ಹೆಚ್ಚುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಸರಿಯಾಗಿ ಕೂರಿಸಿದ ಪಾಯಿಂಟಿಗೆ ಹೋಲಿಸಿದರೆ ಕೈಗೆ ತಿಳಿಯುವಷ್ಟು ಶಕ್ತಿಯೇನೂ ಹೆಚ್ಚುವುದಿಲ್ಲ. ಹೆಚ್ಚಿತೆಂದು ಹೇಳುವವರು ಅದಕ್ಕೆ ಮುಂಚೆ ಕೆಟ್ಟ ಪಾಯಿಂಟಿನಲ್ಲಿ ಓಡಿಸುತ್ತಿದ್ದರು. ಆದರೆ ಅದರ ನಿಜವಾದ ಗುಣಗಳು ಕಡಿಮೆಯವೇನಲ್ಲ. ಸಿಡಿಐನ ವೋಲ್ಟ್ ಬಹಳ ಚುರುಕಾಗಿ ಏರುವುದರಿಂದ ಎಣ್ಣೆ ಮೆತ್ತಿದ ಪ್ಲಗ್ಗಿನಲ್ಲೂ ಕಿಡಿ ಹಾರುತ್ತದೆ, ಸವೆಯುವ ಪಾಯಿಂಟ್ ಇಲ್ಲದ್ದರಿಂದ ಟೈಮಿಂಗ್ ಕದಲುವುದಿಲ್ಲ, 12 ವೋಲ್ಟಿನ ಹೆಡ್‌ಲೈಟಿನಲ್ಲಿ ಮಂಜಿನ ರಸ್ತೆ ಕಾಣುತ್ತದೆ. ಈ ಕೊನೆಯದೇ ನನ್ನ ಮಟ್ಟಿಗೆ ದೊಡ್ಡ ಲಾಭ.

ಹಾಕಿಸುವುದಾದರೆ ದಾರಿ ಎರಡು. ಜಾವಾಗಾಗಿಯೇ ತಯಾರಾದ ಪೂರ್ತಿ ಕಿಟ್ ಒಂದು. ಚೆಕ್ ದೇಶದ ವೇಪ್ ಕಂಪನಿಯ ಭಾಗಗಳಿರುವಂಥವು ಇದರಲ್ಲಿ ಹೆಸರಾದವು. ಡೈನಮೋದ ಜಾಗದಲ್ಲಿ ಆಯಸ್ಕಾಂತದ ರೋಟರ್ (ತಿರುಗುವ ಭಾಗ), ಹೊಸ ಸ್ಟೇಟರ್ (ತಿರುಗದ ಭಾಗ), ರೆಗ್ಯುಲೇಟರ್, ಕಾಯಿಲ್ ಎಲ್ಲ ಒಂದಕ್ಕೊಂದು ಹೊಂದುವಂತೆ ಬರುತ್ತವೆ. ದುಬಾರಿ; ಬಲ್ಬು, ಹಾರ್ನ್, ಬ್ಯಾಟರಿ ಎಲ್ಲವನ್ನೂ 12 ವೋಲ್ಟಿಗೆ ಬದಲಾಯಿಸಬೇಕು; ಬೇರಿಂಗ್ ಸವೆದಿದ್ದರೆ ರೋಟರ್ ಸ್ಟೇಟರಿಗೆ ಉಜ್ಜಿ ಎರಡೂ ಹಾಳು. ರಸ್ತೆಯಲ್ಲಿ ಕೆಟ್ಟರೆ ಉಜ್ಜಿ ಸರಿಮಾಡುವಂಥದ್ದು ಅದರಲ್ಲಿ ಏನೂ ಇಲ್ಲ. ಇನ್ನೊಂದು ದಾರಿ ಬೇರೆ ಸ್ಕೂಟರ್, ಮೊಪೆಡ್ಡುಗಳ ಮ್ಯಾಗ್ನೆಟ್ ಮತ್ತು ಸಿಡಿಐ ಪೆಟ್ಟಿಗೆಯನ್ನು ಲೇತಿನಲ್ಲಿ ಕಡೆದು ಕೂರಿಸುವುದು. ಅಗ್ಗವೇನೋ ಹೌದು, ಆದರೆ ಕ್ರ್ಯಾಂಕಿನ ತುದಿಗೆ ಸರಿಯಾಗಿ ಕೂರದ ಭಾರದ ಮ್ಯಾಗ್ನೆಟ್ ಓಡುವಾಗ ಕಳಚಿಕೊಂಡರೆ ಎಂಜಿನ್ ಕೇಸೇ ಒಡೆಯುತ್ತದೆ, ಬೇರೆ ಎಂಜಿನ್ನಿಗಾಗಿ ಮಾಡಿದ ಪೆಟ್ಟಿಗೆಯ ಟೈಮಿಂಗ್ ನಿಮ್ಮ ಎಂಜಿನ್ನಿಗೆ ಹೊಂದದೆ ಪಿಸ್ಟನ್ ಸುಡಬಹುದು, ಕಿಕ್ ಹಿಂದಕ್ಕೆ ಹೊಡೆದು ಕಾಲಿಗೂ ಪೆಟ್ಟಾಗಬಹುದು. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಈ ಎರಡರಲ್ಲಿ ಯಾವುದೆಂದು ಕೇಳಿ. ಎರಡನೆಯದಾದರೆ ಬೇಡವೆನ್ನಿ.

ನಿಮ್ಮ ನೆಂಟರ ಮಾತಿನಲ್ಲೂ ಹುರುಳಿದೆ. ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮ ಗಾಡಿಗೆ ಆ ವಯಸ್ಸಾಗಿದೆ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ತುಂಬಿಸುವುದು ಮುಂತಾದ ಕೆಲಸಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ವಾರಕ್ಕೊಮ್ಮೆ ಮಡಿಕೇರಿಗೆ ಹೋಗುವ ಆಸೆಯಿರುವ ನಿಮಗೆ ಅದು ಹೊಂದುವುದೋ ಇಲ್ಲವೋ ಮೊದಲೇ ಯೋಚಿಸಿ.

ನೀವು ಹೇಳಿದಷ್ಟು ಓಡಾಟಕ್ಕೆ ನಾನಾದರೆ ಈಗ ಸಿಡಿಐ ಹಾಕಿಸುವುದಿಲ್ಲ. ಕಾಯಿಲನ್ನು ಅಳೆದು ಸರಿಯಾದ 6 ವೋಲ್ಟಿನದನ್ನು ಹಾಕುತ್ತೇನೆ, ಕಂಡೆನ್ಸರನ್ನು ಹೊರಗೆ ತರುತ್ತೇನೆ, ವೈರ್ ಮತ್ತು ಕ್ಯಾಪ್ ಹೊಸದು ಮಾಡುತ್ತೇನೆ, ಸೀಲ್ ಸೋತಿದ್ದರೆ ಬೇರಿಂಗಿನ ಜೊತೆ ಅದನ್ನೂ ಬದಲಾಯಿಸುತ್ತೇನೆ. ಪೂರ್ತಿ ಕಿಟ್ಟಿಗೆ ಹೋದರೂ ಈ ಸೀಲು, ಬೇರಿಂಗಿನ ಕೆಲಸ ತಪ್ಪುವಂತಿಲ್ಲವಾದ್ದರಿಂದ ಆ ದುಡ್ಡು ದಂಡವಲ್ಲ. ಮಳೆಗಾಲದಲ್ಲೂ ದಿನಾ ತೋಟಕ್ಕೂ ಪೇಟೆಗೂ ಓಡಿಸುವುದಾದರೆ ಮಾತ್ರ ಪೂರ್ತಿ ಕಿಟ್ ಹಾಕಿಸಿ. ಹಳೆಯ ವೈರಿಂಗನ್ನು ಕತ್ತರಿಸದೆ ಹೊಸದನ್ನು ಬೇರೆಯಾಗಿ ಎಳೆಸಿ, ತೆಗೆದ ಆರ್ಮೇಚರ್, ಸ್ಟೇಟರ್, ಕಟೌಟನ್ನು ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿ ಒಣಗಿದ ಜಾಗದಲ್ಲಿಡಿ.

ಏರಿನಲ್ಲಿ ನಿಂತ ಕ್ಷಣದ ಬ್ಯಾಟರಿ ವೋಲ್ಟ್, ಕಾಯಿಲಿಗೆ ಬಂದ ವೋಲ್ಟ್, ಕಾಯಿಲಿನ ಮೊದಲ ಸುತ್ತಿನ ಓಮ್, ಇವಿಷ್ಟನ್ನೂ ಪ್ಲಗ್ ಒದ್ದೆಯಿತ್ತೋ ಒಣಗಿತ್ತೋ ಎಂಬುದನ್ನೂ ಬರೆದು ಕಳಿಸಿದರೆ, ಇನ್ನು ಯಾವ ಭಾಗಕ್ಕೆ ಕೈಹಾಕಬೇಕೆಂದು ಹೆಸರು ಹಿಡಿದು ಹೇಳಬಲ್ಲೆ.